ಚೈನು ಹರಿದದ್ದೇ ಪುಣ್ಯ: ಒಂದು ಟನ್ ಟ್ರ್ಯಾಕ್ಟರ್, ಅರ್ಧ ಟನ್ ದಿಮ್ಮಿ

ನಮ್ಮ ಭಾವನ ಜಮೀನು ಬೆಂಗಳೂರಿನ ಹೆಸರಘಟ್ಟದ ಆಚೆ ಇದೆ. ಎರಡೂವರೆ ಎಕರೆ. ಅದರ ತಗ್ಗಿನ ಭಾಗದಲ್ಲಿ ಮುಕ್ಕಾಲು ಎಕರೆ ನೀಲಗಿರಿ ಇತ್ತು, ಅವರ ತಂದೆ ಕಾಲದ್ದು. ರಾಜ್ಯದಲ್ಲಿ ಹೊಸದಾಗಿ ನೀಲಗಿರಿ ನೆಡುವುದಕ್ಕೆ 2017ರಲ್ಲೇ ತಡೆ ಬಿತ್ತು. ಇದ್ದದ್ದನ್ನೂ ತೆಗೆದು ಹಲಸು, ಮಾವು ಹಾಕೋಣ ಅಂತ ಭಾವ ಫೆಬ್ರವರಿಯಲ್ಲಿ ಮರ ಕೆಡವಿಸಿದರು. ಮೂವತ್ತು ಚಿಲ್ಲರೆ ದಿಮ್ಮಿಗಳಾದವು. ಮೇಲಿನ ಮಣ್ಣು ರಸ್ತೆ ಬಿಟ್ಟು ಲಾರಿ ಕೆಳಗೆ ಬರಲ್ಲ. ಹಾಗಾಗಿ ದಿಮ್ಮಿಗಳನ್ನು ಏರಿನ ಮೇಲೆ ಎಳೆದು ತರಬೇಕಿತ್ತು.

ಮನೆಯಲ್ಲೇ ಸಣ್ಣ ಟ್ರ್ಯಾಕ್ಟರ್ ಇದೆ. 24 ಎಚ್‌ಪಿ, ಫೋರ್ ವೀಲ್ ಡ್ರೈವ್. ದಾಳಿಂಬೆ, ದ್ರಾಕ್ಷಿ ತೋಟದ ಸಾಲುಗಳ ಮಧ್ಯೆ ಓಡಾಡುತ್ತವಲ್ಲ, ಆ ಅಳತೆಯದ್ದು. ಓಡಿಸುವ ಡ್ರೈವರ್ ಅಣ್ಣ ಹದಿನೈದು ವರ್ಷದ ಅನುಭವಸ್ಥ. ಕೈ ಚೆನ್ನಾಗಿದೆ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕಂದ್ರೆ ಮುಂದೆ ಆದದ್ದನ್ನು ಕೇಳಿದವರೆಲ್ಲ ತಪ್ಪು ಅವರ ಮೇಲೆ ಹಾಕಿದರು.

ಆದದ್ದು ಇಷ್ಟು. ಟ್ರ್ಯಾಕ್ಟರಿನ ಹಿಂದೆ ಕೆಳಗಡೆ ಚೈನು, ಟ್ರೇಲರ್ ಸಿಕ್ಕಿಸುವ ಕಬ್ಬಿಣದ ಪಟ್ಟಿ ಇರುತ್ತೆ, ಡ್ರಾಬಾರ್ ಅಂತ. ಅದರ ಪಿನ್ನು ಎಲ್ಲೋ ಕಳೆದುಹೋಗಿತ್ತು. ಚೈನನ್ನು ಮೇಲೆ ಕಟ್ಟಿದರೆ ದಿಮ್ಮಿಯ ಮೂತಿ ಸ್ವಲ್ಪ ಎದ್ದು ನೆಲಕ್ಕೆ ಕಚ್ಚಲ್ಲ ಅಂತ ಅಣ್ಣ ಯೋಚಿಸಿದರು. ಅದಕ್ಕೇ ನೇಗಿಲನ್ನು ಮೇಲಿನಿಂದ ಹಿಡಿದಿಡುವ ಸರಳು, ಅಂದರೆ ಟಾಪ್ ಲಿಂಕ್, ಕೂರುವ ಬ್ರಾಕೆಟ್ಟಿಗೆ ಚೈನು ಹಾಕಿದರು. ಸೀಟಿನ ಹಿಂದೆಯೇ ಇರುತ್ತಲ್ಲ, ಅದು. ಸಮನೆಲದಲ್ಲಿ ನಲವತ್ತು ಮೀಟರ್ ದಿಮ್ಮಿ ಸಲೀಸಾಗಿ ಬಂತು. ಏರು ಶುರುವಾದ ಕಡೆ ನಾಲ್ಕೂ ಚಕ್ರ ನಿಂತಲ್ಲೇ ತಿರುಗಿ ಮಣ್ಣು ಕೆದರಿದವು. ಅಣ್ಣ ನಾಲ್ಕಡಿ ರಿವರ್ಸ್ ಬಂದರು. ಚೈನು ಸಡಿಲವಾಯಿತು. ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟರು. ಎತ್ತಿನ ಗಾಡಿ ಹೂತರೆ ಎಲ್ಲರೂ ಹೀಗೇ ಮಾಡುವುದು, ಒಂದು ಜಗ್ಗು ಕೊಡುವುದು.

ಮುಂದಿನ ಚಕ್ರಗಳು ಗೇಣು ಮೇಲೆ ಎದ್ದವು. 'ಟಣ್' ಅಂತ ಸದ್ದು. ಚೈನು ಹರಿಯಿತು, ಟ್ರ್ಯಾಕ್ಟರಿನ ಮೂತಿ ಧೊಪ್ಪನೆ ಕೆಳಗೆ ಬಿತ್ತು. ಚೈನಿನ ತುದಿ ಹಿಂದಿನ ಮಡ್‌ಗಾರ್ಡಿಗೆ ಬಡಿದು ಬೋಗುಣಿಯಷ್ಟು ತಗ್ಗು ಮಾಡಿತ್ತು. ಅದು ಒಂದೂವರೆ ಅಡಿ ಈಚೆಗೆ ಬಂದಿದ್ದರೆ ಅಣ್ಣನ ಬೆನ್ನು. ಶೆಡ್ಡಿನ ಬಾಗಿಲಲ್ಲಿ ನಿಂತು ನೋಡಿದ ನಮ್ಮ ಅಕ್ಕ ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ.

ಸಂಜೆ ಭಾವ ಫೋನ್ ಮಾಡಿದರು. "ಏನಪ್ಪಾ, ನೀನು ಪೀಣ್ಯದ ಕಾರ್ಖಾನೆಗಳಲ್ಲಿ ಇಷ್ಟು ವರ್ಷ ಕೆಲಸ ಮಾಡಿದ್ದೀಯ. ಒಳ್ಳೆ ಗಟ್ಟಿ ಚೈನು ಎಲ್ಲಿ ಸಿಗುತ್ತೆ ಹೇಳು. ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ."

ಅಂಗಡಿ ಹೆಸರು ನಾಲಿಗೆ ತುದಿಗೆ ಬಂದಿತ್ತು. ಸುಮ್ನೆ ಹೇಳಿಬಿಟ್ಟಿದ್ದರೆ ಏನಾಗುತ್ತಿತ್ತು ಅನ್ನುವುದು ಭಾನುವಾರ ಹೋಗಿ ನೋಡಿದ ಮೇಲೆ ತಿಳಿಯಿತು.

ಹರಿದ ಕೊಂಡಿ

ಮೊದಲು ಹರಿದ ಕೊಂಡಿಯನ್ನು ಕೈಗೆ ತೆಗೆದುಕೊಂಡೆ. ಚೈನು 8 ಮಿ.ಮೀ. ದಪ್ಪದ್ದು. ಹಾರ್ಡ್‌ವೇರ್ ಅಂಗಡಿಯಲ್ಲಿ ಕೆ.ಜಿ. ಲೆಕ್ಕದಲ್ಲಿ ತಂದದ್ದು. ಒಂದು ಕೊಂಡಿಯ ಮೇಲೂ ಗುರುತಿಲ್ಲ. ವೆಲ್ಡ್ ಬಿಟ್ಟ ಜಾಗ ಅರ್ಧ ಬೆಳ್ಳಗೆ ಹೊಳೆಯುತ್ತಿತ್ತು, ಇನ್ನರ್ಧ ಕಂದು ತುಕ್ಕು. ತುಕ್ಕು ಹಿಡಿದ ಅರ್ಧ ಎಂದೋ ಬಿರುಕು ಬಿಟ್ಟಿತ್ತು, ಅವತ್ತು ಹರಿದದ್ದು ಹೊಳೆಯುವ ಅರ್ಧ ಮಾತ್ರ. ಸಾಲದ್ದಕ್ಕೆ ಉದ್ದ ಕಡಿಮೆ ಮಾಡಲು ಚೈನಿಗೆ ಎರಡು ಗಂಟು ಹಾಕಿದ್ದರು. ಒಂದು ಕಡೆ ನಟ್ಟು ಬೋಲ್ಟು ಹಾಕಿ ಜೋಡಿಸಿದ್ದರು. ಚೈನಿಗೆ ಗಂಟು ಹಾಕಿದರೆ ಕೊಂಡಿ ಉದ್ದಕ್ಕೆ ಎಳೆಸಿಕೊಳ್ಳುವ ಬದಲು ಅಡ್ಡಕ್ಕೆ ಬಾಗುತ್ತದೆ. ಶಕ್ತಿ ಅರ್ಧಕ್ಕೆ ಇಳಿಯುತ್ತದೆ ಅಂತಲೇ ಇಟ್ಟುಕೊಳ್ಳಬೇಕು.

ಇಲ್ಲಿಗೇ ನಿಲ್ಲಿಸಿ "ಚೈನು ಕಳಪೆ" ಅಂದುಬಿಡಬಹುದಿತ್ತು. ಭಾವನಿಗೂ ಅದೇ ಬೇಕಿತ್ತು. ಆದರೆ ಡ್ರೈವರ್ ಅಣ್ಣ ಕೇಳಿದ ಪ್ರಶ್ನೆ ಅದಕ್ಕಿಂತ ಒಳ್ಳೆಯದಿತ್ತು. "ಸಾರ್, ಇದೇ ಗಾಡಿ ಎರಡು ಟನ್ ಗೊಬ್ಬರ ತುಂಬಿದ ಟ್ರೇಲರ್ ಎಳೆಯುತ್ತೆ. ಒಂದು ಮರದ ತುಂಡು ಎಳೆಯಕ್ಕಾಗಲ್ವಾ?"

ಎಳೆಯುವುದೂ ಉರುಳಿಸುವುದೂ ಬೇರೆ ಬೇರೆ. ಎರಡು ಟನ್ ಟ್ರೇಲರ್ ಗಟ್ಟಿ ರಸ್ತೆಯಲ್ಲಿ ಉರುಳಲು ನೂರು ಕೆ.ಜಿ. ಎಳೆತವೂ ಬೇಡ. ತೂಕದ ನೂರಕ್ಕೆ ಮೂರೋ ನಾಲ್ಕೋ ಸಾಕು. ಕಚ್ಚಾ ಮಣ್ಣಿನಲ್ಲಿ ನೂರಕ್ಕೆ ಹತ್ತು ಅಂತಿಟ್ಟುಕೊಳ್ಳಿ. ದಿಮ್ಮಿಗೆ ಚಕ್ರ ಇಲ್ಲ. ನೆಲಕ್ಕೆ ಉಜ್ಜಿಕೊಂಡೇ ಬರಬೇಕು. ಅದಕ್ಕೆ ತೂಕದ ನೂರಕ್ಕೆ ಅರವತ್ತು ಬೇಕು. ಅಂದರೆ ಅರ್ಧ ಟನ್ ದಿಮ್ಮಿ ಟ್ರ್ಯಾಕ್ಟರಿಗೆ ಕಚ್ಚಾ ಮಣ್ಣಿನ ಮೇಲಿನ ಮೂರು ಟನ್ ಟ್ರೇಲರಿನಷ್ಟೇ ಭಾರ. ಅಣ್ಣನ ಹದಿನೈದು ವರ್ಷದ ಅನುಭವ ಪೂರ್ತಿ ಚಕ್ರದ ಮೇಲಿನ ಅನುಭವ. ಇಲ್ಲಿ ಅದು ಕೈಕೊಟ್ಟಿತು, ಅಷ್ಟೆ.

ಎಚ್‌ಪಿ ಯಾಕೆ ಉತ್ತರ ಹೇಳಲ್ಲ

ಟ್ರ್ಯಾಕ್ಟರ್ ಅಂದ ಕೂಡಲೇ ನಾವು ಕೇಳುವುದು "ಎಷ್ಟು ಎಚ್‌ಪಿ?" ಅಂತ. ಈ ಗಾಡಿಯದ್ದು 24. ಗೇರುಬಾಕ್ಸು, ಆಕ್ಸಲ್, ಟೈರಿನ ಜಾರಿಕೆ ಎಲ್ಲ ಕಳೆದು ನೆಲಕ್ಕೆ ಸಿಗುವುದು ಮೂರರಲ್ಲಿ ಎರಡು ಪಾಲಿಗೂ ಒಂಚೂರು ಕಡಿಮೆ, ಅಂದಾಜು 15.5 ಎಚ್‌ಪಿ. ಒಂದು ಎಚ್‌ಪಿ ಅಂದರೆ ಸೆಕೆಂಡಿಗೆ 75 ಕೆ.ಜಿ.ಯನ್ನು ಒಂದು ಮೀಟರ್ ಎತ್ತುವ ಶಕ್ತಿ. 15.5ಕ್ಕೆ 75 ಗುಣಿಸಿದರೆ ಸುಮಾರು 1,160. ಲೋ ಫಸ್ಟ್ ಗೇರಿನಲ್ಲಿ ಗಾಡಿ ಗಂಟೆಗೆ ಒಂದೂವರೆ ಕಿ.ಮೀ. ಹೋಗುತ್ತೆ, ಅಂದರೆ ಸೆಕೆಂಡಿಗೆ 0.42 ಮೀಟರ್. 1,160ನ್ನು 0.42ರಿಂದ ಭಾಗಿಸಿ. 2,760 ಕೆ.ಜಿ. ಎಳೆತ!

ಕಾಗದದ ಮೇಲೆ ಭೇಷ್. ಆದರೆ ಟ್ರ್ಯಾಕ್ಟರಿನ ತೂಕವೇ ಒಂದು ಟನ್. ಒಂದು ಟನ್ ತೂಗುವ ಗಾಡಿ ಮಣ್ಣಿನ ಮೇಲೆ ನಿಂತು ಎರಡೂಮುಕ್ಕಾಲು ಟನ್ ಎಳೆಯಲು ಸಾಧ್ಯವೇ ಇಲ್ಲ. ಅದಕ್ಕೆ ಎಷ್ಟೋ ಮೊದಲೇ ಟೈರು ಜಾರುತ್ತದೆ. ನುಣುಪು ನೆಲದ ಮೇಲೆ ಸಾಕ್ಸ್ ಹಾಕಿಕೊಂಡು ಹಗ್ಗ ಜಗ್ಗಾಟ ಆಡಿದ ಹಾಗೆ. ತೋಳಲ್ಲಿ ಎಷ್ಟೇ ಬಲ ಇದ್ದರೂ ಅಷ್ಟೇ. ಇದೇ ಗಾಡಿಗೆ ಎಂಜಿನ್ ಸಾಲದೆ ಬರುವುದು ಗಂಟೆಗೆ ಎಂಟು ಕಿ.ಮೀ. ದಾಟಿದ ಮೇಲೆ. ಅದಕ್ಕಿಂತ ನಿಧಾನವಾಗಿ ಹೋಗುವಷ್ಟು ಹೊತ್ತೂ ಮಿತಿ ಇರುವುದು ಟೈರಿನಲ್ಲಿ. ದಿಮ್ಮಿ ಎಳೆಯುವ ಕೆಲಸ ಎಲ್ಲವೂ ಅಲ್ಲೇ ನಡೆಯುವುದು.

ಹಾಗಾಗಿ ಬೇಕಾದದ್ದು ಗಾಡಿಯ ನಿಜವಾದ ತೂಕ. ಹೆಸರಘಟ್ಟ ರಸ್ತೆಯ ಒಂದು ವೇಬ್ರಿಡ್ಜಿಗೆ ಹೋದೆವು. "ಲೋಡೇ ಇಲ್ವಲ್ಲ, ಏನು ತೂಗೋದು?" ಅಂತ ಅಲ್ಲಿನವರು ನಕ್ಕರು. ಡ್ರೈವರ್ ಸಮೇತ 1,020 ಕೆ.ಜಿ. ಆಮೇಲೆ ಮುಂದಿನ ಚಕ್ರ ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ತೂಗಿದೆವು, 430. ಉಳಿದ 590 ಹಿಂದೆ. ಈ ಎರಡು ಅಂಕಿ ಬೇರೆ ಬೇರೆ ಬೇಕು, ಯಾಕೆ ಅಂತ ಮುಂದೆ ಹೇಳುತ್ತೇನೆ. ಟೂ ವೀಲ್ ಡ್ರೈವ್ ಆಗಿದ್ದರೆ ಹಿಡಿತದ ಲೆಕ್ಕಕ್ಕೆ ಹಿಂದಿನ 590 ಮಾತ್ರ ಸಿಗುತ್ತಿತ್ತು. ಎಳೆಯುವಾಗ ಹಿಂದಕ್ಕೆ ವಾಲಿ ಅದು ಸ್ವಲ್ಪ ಏರುತ್ತೆ ಅನ್ನುವುದು ಬೇರೆ ಮಾತು.

ನೆಲದ ಹಿಡಿತಕ್ಕೆ ನಾನು ಇಟ್ಟುಕೊಳ್ಳುವ ಅಂದಾಜು ಹೀಗಿದೆ. ಒಣ ಕಾಂಕ್ರೀಟಿನ ಮೇಲೆ ತೂಕದ ನೂರಕ್ಕೆ 75ರಿಂದ 80 ಎಳೆತ ಸಿಗುತ್ತೆ. ಒಣಗಿದ ಗಟ್ಟಿ ಕೆಮ್ಮಣ್ಣಿನಲ್ಲಿ 50. ಉತ್ತ ಸಡಿಲ ಮಣ್ಣಿನಲ್ಲಿ 40. ಮಳೆ ಬಿದ್ದ ಜೇಡಿಯಲ್ಲಿ 30, ಕೆಲವೊಮ್ಮೆ ಅದೂ ಇಲ್ಲ. ಗಾಡಿ ತನ್ನನ್ನು ತಾನೇ ಉರುಳಿಸಿಕೊಳ್ಳಲು ಬೇಕಾದದ್ದನ್ನು ಇದರಲ್ಲಿ ಆಗಲೇ ಕಳೆದಿದೆ. ಭಾವನ ಒಣ ನೆಲಕ್ಕೆ 1,020ರಲ್ಲಿ ಅರ್ಧ, 510 ಕೆ.ಜಿ.

ಕಂಪನಿಯ ಕಾಗದದಲ್ಲಿ ಎಳೆತದ ಅಂಕಿ ಇದಕ್ಕಿಂತ ಜಾಸ್ತಿ ಕಂಡರೆ ಗಾಬರಿ ಬೇಡ. ಮಧ್ಯಪ್ರದೇಶದ ಬುಧ್ನಿಯಲ್ಲಿ ಕೇಂದ್ರ ಸರ್ಕಾರದ ಟ್ರ್ಯಾಕ್ಟರ್ ಪರೀಕ್ಷಾ ಸಂಸ್ಥೆ ಇದೆ. ಇಂಥ ಕಡೆ ಡ್ರಾಬಾರ್ ಎಳೆತ ನೋಡುವುದು ಗಟ್ಟಿ ಟ್ರ್ಯಾಕಿನ ಮೇಲೆ. ಗಾಡಿಗೆ ಗಾಡಿ ಹೋಲಿಸಲು ಅದು ಬೇಕು, ನಿಮ್ಮ ಹೊಲಕ್ಕೆ ಅಲ್ಲ. ಮಾರುವವರ ಮಾತು ನಂಬದೆ ಅಳೆದು ನೋಡುವ ಈ ಪದ್ಧತಿಗೆ ಹಳೇ ಕಥೆ ಇದೆ. ಅಮೆರಿಕದ ನೆಬ್ರಾಸ್ಕದಲ್ಲಿ 1919ರಲ್ಲೇ ಇದಕ್ಕೊಂದು ಕಾನೂನು ಮಾಡಿದ್ದರು. ರೈತರಿಗೆ ಬುರುಡೆ ಬಿಡುವುದು ಅಂದಿನಿಂದಲೂ ಇತ್ತು ಅನ್ನಿ.

ದಿಮ್ಮಿಯ ತೂಕ, ಏರಿನ ಲೆಕ್ಕ

ಅವತ್ತಿನ ದಿಮ್ಮಿ ಇನ್ನೂ ಅಲ್ಲೇ ಬಿದ್ದಿತ್ತು. ನಡು ಸುತ್ತಳತೆ 1.25 ಮೀಟರ್, ಉದ್ದ 4.5 ಮೀಟರ್. ಭಾವ ಮರದ ವ್ಯಾಪಾರಿ ಬರೆದುಕೊಟ್ಟ ಚೀಟಿ ತೋರಿಸಿದರು. ಅದರಲ್ಲಿ ಘನ ಅಳತೆ ನನಗಿಂತ ಕಡಿಮೆ. ಇದು ಮೋಸ ಅಲ್ಲ, ಮರದ ವ್ಯಾಪಾರದ ಹಳೇ ಕ್ರಮ. ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸುತ್ತಾರೆ. ಕೊಯ್ದಾಗ ಹೋಗುವ ಹೊಟ್ಟು, ತೊಗಟೆ ಎಲ್ಲ ಕಳೆದ ಅಳತೆ ಅದು. ನಿಜವಾದ ಗಾತ್ರದಲ್ಲಿ ನೂರಕ್ಕೆ 78.5 ಮಾತ್ರ ಅದರಲ್ಲಿ ಬರುತ್ತೆ. ಕೊಳ್ಳುವವರಿಗೆ ಸರಿ. ಎಳೆಯುವ ನಮಗೆ ಹೊಟ್ಟೂ ಭಾರವೇ ಅಲ್ವಾ? ಸುತ್ತಳತೆಯನ್ನು ಅದರಿಂದಲೇ ಗುಣಿಸಿ 12.57ರಿಂದ ಭಾಗಿಸಿ, ಉದ್ದದಿಂದ ಗುಣಿಸಿದರೆ ಸಿಗುವುದು 0.56 ಘನ ಮೀಟರ್. ಹಸಿ ನೀಲಗಿರಿ ಹೆಚ್ಚುಕಡಿಮೆ ನೀರಿನಷ್ಟೇ ಭಾರ, ಕೆಲವೊಮ್ಮೆ ಅದಕ್ಕಿಂತ ತುಸು ಜಾಸ್ತಿ. ಘನ ಮೀಟರಿಗೆ 1,050 ಕೆ.ಜಿ. ಹಿಡಿದೆ. 590 ಕೆ.ಜಿ. ಬಂತು.

ಸಮನೆಲದಲ್ಲಿ ಇದನ್ನು ಎಳೆಯಲು ನೂರಕ್ಕೆ ಅರವತ್ತು, ಅಂದರೆ 355 ಕೆ.ಜಿ. ಬೇಕು. ಗಾಡಿಗೆ ಸಿಗುವುದು 510. ಸಲೀಸು. ಅವತ್ತು ಮೊದಲ ನಲವತ್ತು ಮೀಟರ್ ಬಂದದ್ದು ಹೀಗೆ.

ಇನ್ನು ಏರು. ಗಾರೆ ಮೇಸ್ತ್ರಿಗಳು ಮಟ್ಟ ನೋಡುವ ನೀರಿನ ಪೈಪು ತಂದು ಅಳೆದೆವು. ಎಂಟು ಮೀಟರಿಗೆ ಒಂದು ಮೀಟರ್ ಏರು. ಕಣ್ಣಿಗೆ ಏನೂ ಅನ್ನಿಸಲ್ಲ, ಅಕ್ಕ ನೀರಿನ ಕೊಡ ಹೊತ್ತು ಹತ್ತಿಬಿಡುತ್ತಾರೆ. ಆದರೆ ಲೆಕ್ಕದಲ್ಲಿ ಏರು ಎರಡು ಕಡೆ ಕಚ್ಚುತ್ತದೆ. ದಿಮ್ಮಿಯ ತೂಕದಲ್ಲಿ ಎಂಟನೇ ಒಂದು ಪಾಲು, ಅಂದರೆ 74 ಕೆ.ಜಿ., ಬೇಕಾದ ಎಳೆತಕ್ಕೆ ಸೇರುತ್ತೆ. ಟ್ರ್ಯಾಕ್ಟರಿನದೇ ತೂಕದಲ್ಲಿ ಎಂಟನೇ ಒಂದು ಪಾಲು, 127 ಕೆ.ಜಿ., ಸಿಗುವ ಎಳೆತದಿಂದ ಹೋಗುತ್ತೆ. ಗಾಡಿ ತನ್ನನ್ನೂ ಹತ್ತಿಸಿಕೊಳ್ಳಬೇಕಲ್ಲ. ಬೇಕಾದದ್ದು ಈಗ 429. ಇರುವುದು 383.

ಅಂದರೆ ಟೈರು ಜಾರಿದ್ದು ಡ್ರೈವರ್ ತಪ್ಪಲ್ಲ, ಗಾಡಿಯ ದೋಷವೂ ಅಲ್ಲ. ಆಗಲೇಬೇಕಿತ್ತು. ಈ ಎರಡು ಅಂಕಿಗಳನ್ನು ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ತೋರಿಸಿದಾಗ ಡ್ರೈವರ್ ಅಣ್ಣನ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಕಂಡಿತು.

ಆ ಜಗ್ಗು

ಎಳೆತ ಸಾಲದಿದ್ದಾಗ ಜಗ್ಗು ಕೊಡುತ್ತಾರೆ. ಅಲ್ಲಿ ಲೆಕ್ಕವೇ ಬೇರೆ. ಒಂದು ಟನ್ ಗಾಡಿ ಗಂಟೆಗೆ ಆರು ಕಿ.ಮೀ. ವೇಗದಲ್ಲಿ ಹೋಗಿ ಚೈನು ಬಿಗಿದ ಕೂಡಲೇ ನಿಲ್ಲಬೇಕು. ಆ ವೇಗದಲ್ಲಿ ಅದರ ಮೈಯಲ್ಲಿರುವ ಶಕ್ತಿ ಸುಮಾರು 1,400 ಜೂಲ್. ಚೈನು ರಬ್ಬರಲ್ಲ, ಹಿಗ್ಗಲ್ಲ. ದಿಮ್ಮಿ ಅಲುಗಿ, ಕೊಂಡಿ ಕೂತು, ಎಲ್ಲ ಸೇರಿ ನಾಲ್ಕು ಸೆಂಟಿಮೀಟರಿನಲ್ಲಿ ಗಾಡಿ ನಿಂತಿತು ಅಂತಿಟ್ಟುಕೊಳ್ಳೋಣ. 1,400ನ್ನು 0.04ರಿಂದ ಭಾಗಿಸಿದರೆ 35,000 ನ್ಯೂಟನ್, ಅಂದರೆ ಮೂರೂವರೆ ಟನ್ ಎಳೆತ. ಇದು ಸರಾಸರಿ. ತುತ್ತತುದಿಯ ಕ್ಷಣದಲ್ಲಿ ಇನ್ನೂ ಜಾಸ್ತಿ. ನಿಧಾನವಾಗಿ ಎಳೆದರೆ ಅರ್ಧ ಟನ್ ದಾಟದ ಗಾಡಿ ಜಗ್ಗಿದಾಗ ಅದರ ಏಳು ಪಟ್ಟು ಎಳೆದಿದೆ.

8 ಮಿ.ಮೀ. ಮೆದು ಕಬ್ಬಿಣದ ಚೈನು ಒಳ್ಳೆಯದೇ ಆಗಿದ್ದರೂ ಮೂರು ಟನ್ನಿನ ಹತ್ತಿರ ಹರಿಯುತ್ತೆ. ಗಂಟು, ಹಳೇ ಬಿರುಕು ಬೇರೆ. ಹರಿಯದೇ ಇನ್ನೇನು?

ಈಗ ಮುಂದಿನ ಆಕ್ಸಲಿನ 430 ಕೆ.ಜಿ.ಗೆ ಬರೋಣ. ಚೈನು ಹಿಂದಕ್ಕೆ ಎಳೆದಾಗ ಗಾಡಿ ಹಿಂದಿನ ಚಕ್ರದ ಮೇಲೆ ಹಿಂದಕ್ಕೆ ವಾಲುತ್ತೆ. ಎಷ್ಟು ವಾಲುತ್ತೆ ಅನ್ನುವುದು ಚೈನು ನೆಲದಿಂದ ಎಷ್ಟು ಎತ್ತರದಲ್ಲಿ ಕಟ್ಟಿದೆ ಅನ್ನುವುದರ ಮೇಲೆ ನಿಂತಿದೆ. ಎಳೆತವನ್ನು ಎತ್ತರದಿಂದ ಗುಣಿಸಿ, ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರದಿಂದ ಭಾಗಿಸಿದರೆ ಮುಂದಿನ ಚಕ್ರ ಎಷ್ಟು ತೂಕ ಕಳೆದುಕೊಳ್ಳುತ್ತೆ ಅಂತ ತಿಳಿಯುತ್ತೆ. ಈ ಗಾಡಿಯಲ್ಲಿ ಆ ದೂರ ಒಂದೂವರೆ ಮೀಟರ್. ಡ್ರಾಬಾರ್ ಎತ್ತರ 35 ಸೆಂ.ಮೀ. ನಿಧಾನವಾಗಿ 500 ಕೆ.ಜಿ. ಎಳೆದರೆ ಮುಂದೆ 117 ಕೆ.ಜಿ. ಕಡಿಮೆಯಾಗುತ್ತೆ. 313 ಉಳಿಯಿತು, ಚಿಂತೆ ಇಲ್ಲ. ಟಾಪ್ ಲಿಂಕ್ ಬ್ರಾಕೆಟ್ ಇರುವುದು 75 ಸೆಂ.ಮೀ. ಎತ್ತರದಲ್ಲಿ. ಅದೇ 500ಕ್ಕೆ 250 ಹೋಗುತ್ತೆ. ಏರಿನಲ್ಲಿ ತೂಕ ಮೊದಲೇ ಹಿಂದಕ್ಕೆ ಸರಿದಿರುತ್ತೆ. ಮೂರೂವರೆ ಟನ್ ಜಗ್ಗಿಗೆ ಮುಂದೆ 1,750 ಕೆ.ಜಿ. ಎತ್ತುವ ಬಲ. ಇರುವುದೇ 430!

ಇಲ್ಲಿ ನಾನು ಪೆನ್ನು ಕೆಳಗಿಟ್ಟೆ. ಅವತ್ತು ಚೈನು ಹರಿಯದೇ ಇದ್ದಿದ್ದರೆ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿಬಿಡಬಹುದಿತ್ತು. ಹೀಗೆ ಮಗುಚಲು ಒಂದೂವರೆ ಸೆಕೆಂಡ್ ಸಾಕು. ಕ್ಲಚ್ ಒತ್ತಬೇಕು ಅನ್ನುವುದು ಹೊಳೆಯುವಷ್ಟರಲ್ಲಿ ಎಲ್ಲ ಮುಗಿದಿರುತ್ತೆ. ಮಗುಚಿದರೆ ಡ್ರೈವರನ್ನು ಕಾಯುವ ಕಬ್ಬಿಣದ ಕಮಾನು, ರೋಲ್ ಬಾರ್, ಈ ಗಾಡಿಗೆ ಹಿಂದೆ ಅದೂ ಇಲ್ಲ. ಭಾವ ಕೇಳಿದ "ಒಳ್ಳೆ ಗಟ್ಟಿ ಚೈನು" ಅಂದು ಅಲ್ಲಿದ್ದಿದ್ದರೆ ನಾನು ಆ ಭಾನುವಾರ ಹೋಗುತ್ತಿದ್ದುದು ಬೇರೆ ಕಾರಣಕ್ಕೆ. ಕಳಪೆ ಚೈನು ಅವತ್ತು ಮನೆಯ ಫ್ಯೂಸಿನ ಕೆಲಸ ಮಾಡಿತ್ತು.

ಹಾಗಾಗಿ ಭಾವನಿಗೆ ಹೇಳಿದೆ, ಚೈನು ಕೊನೆಗೆ ತರೋಣ. ಮೊದಲು ಡ್ರಾಬಾರ್ ಪಿನ್ನು.

ಮಾಡಿದ್ದು

ಪಿನ್ನಿಗೆ ಮುನ್ನೂರು ರೂಪಾಯಿಯೂ ಆಗಲಿಲ್ಲ. ಟಾಪ್ ಲಿಂಕ್ ಬ್ರಾಕೆಟ್ಟಿಗೆ ಡ್ರೈವರ್ ಅಣ್ಣನೇ ಕೆಂಪು ಪೇಂಟ್ ಬಳಿದರು. ಹಿಂದಿನ ಟೈರುಗಳಿಗೆ ನೀರು ತುಂಬಿಸಿದೆವು. ಎರಡೂ ಸೇರಿ 110 ಲೀಟರ್ ಹಿಡಿಯಿತು, 110 ಕೆ.ಜಿ. ತೂಕ ಬಿಟ್ಟಿಯಾಗಿ ಬಂತು. ಅದರಲ್ಲಿ 55 ಕೆ.ಜಿ. ಎಳೆತಕ್ಕೆ ಸಿಗುತ್ತೆ.

ದಾರಿ ಬದಲಾಯಿಸಿದ್ದು ಎಲ್ಲಕ್ಕಿಂತ ಫಲ ಕೊಟ್ಟಿತು. ನೇರ ಏರುವ ಬದಲು ಬದುವಿನ ಪಕ್ಕ ಓರೆಯಾಗಿ ಹೋದರೆ ಹದಿನೈದು ಮೀಟರಿಗೆ ಒಂದು ಮೀಟರ್ ಏರು ಮಾತ್ರ. ಅರವತ್ತು ಮೀಟರ್ ಸುತ್ತು, ಪರವಾಗಿಲ್ಲ. ತೀರಾ ಓರೆ ಹೋದರೆ ಗಾಡಿ ಪಕ್ಕಕ್ಕೆ ವಾಲುವ ಭಯ ಇದೆ, ಅದನ್ನು ನೋಡಿಕೊಂಡೇ ಗುರುತು ಹಾಕಿದೆವು. ದಿಮ್ಮಿಯ ಮೂತಿ ನೆಲ ಅಗೆಯದಂತೆ ಹಳೇ ಡ್ರಮ್ಮಿನ ತಗಡು ಕತ್ತರಿಸಿ ಮುಂದೆ ದೋಣಿಯ ಹಾಗೆ ಬಗ್ಗಿಸಿ ಕೆಳಗಿಟ್ಟೆವು. ಅಣ್ಣನಿಗೆ ಮೂತಿ ಏಳಬೇಕಿತ್ತಲ್ಲ, ಅದನ್ನು ಚೈನಿನ ಎತ್ತರದಿಂದ ಮಾಡುವ ಬದಲು ಕೆಳಗಿನಿಂದ ಮಾಡಿದ ಹಾಗಾಯಿತು. ನೂರಕ್ಕೆ ಅರವತ್ತು ಇದ್ದ ಉಜ್ಜಾಟ ನಲವತ್ತೈದರ ಸುಮಾರಿಗೆ ಇಳಿಯಿತು.

ಹೊಸ ಲೆಕ್ಕ: ದಿಮ್ಮಿಗೆ ಬೇಕಾದದ್ದು 265, ಏರಿಗೆ 39, ಒಟ್ಟು 304. ಗಾಡಿಗೆ ಸಿಗುವುದು 1,130ರಲ್ಲಿ ಅರ್ಧ 565, ಏರಿಗೆ ತನ್ನದೇ 75 ಕಳೆದು 490.

ಕೊನೆಗೆ ಚೈನು

ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಿಗೆ ಹೋದೆವು. ಮೊದಲ ಅಂಗಡಿಯವರು ಮತ್ತೆ ಕೆ.ಜಿ. ಲೆಕ್ಕದ ಚೈನನ್ನೇ ಎಳೆದು ತೋರಿಸಿ, "ಇದರಲ್ಲಿ ಆನೆ ಕಟ್ಟಬಹುದು ಸಾರ್" ಅಂದರು. ಆನೆ ನಮ್ಮ ಹತ್ತಿರ ಇರಲಿಲ್ಲ. ಕ್ರೇನು, ಚೈನ್ ಬ್ಲಾಕ್ ಸಾಮಾನು ಇಡುವ ಅಂಗಡಿಗೆ ಹೋಗಿ ಗ್ರೇಡ್ 80 ಕೇಳಿದೆವು. ಅದಾದರೆ ಅಲ್ಲಲ್ಲಿ ಕೊಂಡಿಯ ಮೇಲೆ 8 ಅಥವಾ 80 ಅಂತ ಅಚ್ಚಿರುತ್ತೆ, ಜೊತೆಗೆ ಟೆಸ್ಟ್ ಸರ್ಟಿಫಿಕೇಟ್ ಕೊಡುತ್ತಾರೆ.

80 ಅನ್ನುವುದು ಸುಮ್ನೆ ಇಟ್ಟ ಹೆಸರಲ್ಲ. ಕೊಂಡಿಯ ಎರಡು ಕಾಲುಗಳ ಅಡ್ಡಕೊಯ್ತದಲ್ಲಿ ಪ್ರತಿ ಚದರ ಮಿ.ಮೀ.ಗೆ 800 ನ್ಯೂಟನ್ ತಡೆದು ಆಮೇಲೆ ಹರಿಯಬೇಕು ಅಂತ ಅರ್ಥ. ಗ್ರೇಡ್ 30 ಅಂದರೆ 300. 8 ಮಿ.ಮೀ. ಸರಳಿನ ಎರಡು ಕಾಲು ಸೇರಿ ನೂರು ಚದರ ಮಿ.ಮೀ. ಗ್ರೇಡ್ 80 ಆದರೆ ಎಂಟು ಟನ್ನಿಗೆ ಹರಿಯುತ್ತೆ. ಅದರ ಕಾಲು ಭಾಗ, ಎರಡು ಟನ್, ಕೆಲಸಕ್ಕೆ ಬಳಸಬಹುದಾದ ಮಿತಿ. 10 ಮಿ.ಮೀ. ಆದರೆ ಆ ಮಿತಿ 3.15 ಟನ್, 13 ಮಿ.ಮೀ. ಆದರೆ 5.3 ಟನ್.

ಭಾವ 13ರ ಮೇಲೆ ಕೈಯಿಟ್ಟರು. ನಾನು 8 ಅಂದೆ. ಅಂಗಡಿಯಲ್ಲೇ ಸಣ್ಣ ಜಗಳ. ನನ್ನ ವಾದ ಇಷ್ಟು. ಈ ಗಾಡಿ ಕಾಂಕ್ರೀಟಿನ ಮೇಲೆ, ನೀರು ತುಂಬಿದ ಟೈರಿನಲ್ಲಿ, ಜಗ್ಗದೆ ಎಳೆದರೆ ಹೆಚ್ಚೆಂದರೆ 900 ಕೆ.ಜಿ. ದಿಮ್ಮಿಗೆ ಕುಣಿಕೆಯಾಗಿ ಸುತ್ತಿದರೆ ಚೈನಿನ ಮಿತಿ ನೂರಕ್ಕೆ 80ಕ್ಕೆ ಇಳಿಯುತ್ತೆ, ಎರಡು ಟನ್ 1.6 ಆಗುತ್ತೆ. ಆದರೂ ಟೈರು ಜಾರುವುದು ಚೈನಿನ ಮಿತಿ ಮುಟ್ಟುವುದಕ್ಕೆ ಎಷ್ಟೋ ಮೊದಲು. ಬೇಕಾದದ್ದು ಅದೇ. 13 ಮಿ.ಮೀ. ಚೈನು ಮೀಟರಿಗೆ 3.8 ಕೆ.ಜಿ. ತೂಗುತ್ತೆ. ಐದು ಮೀಟರ್ ಅಂದರೆ ಹತ್ತೊಂಬತ್ತು ಕೆ.ಜಿ. ದಿನಕ್ಕೆ ಹದಿನೈದು ಸಲ ಅದನ್ನು ಎತ್ತಿ ದಿಮ್ಮಿ ಕೆಳಗೆ ತೂರಿಸುವವರು ಅದನ್ನು ಬಿಟ್ಟು ಮತ್ತೆ ಹಳೇ ಹಗ್ಗಕ್ಕೆ ಕೈ ಹಾಕುತ್ತಾರೆ. 8 ಮಿ.ಮೀ. ಆದರೆ ಏಳು ಕೆ.ಜಿ. ಇನ್ನೊಂದು ವಿಷಯ, ಚೈನು ತೀರಾ ಗಟ್ಟಿಯಾದರೆ ಮುಂದೆ ಮುರಿಯುವುದು ಚೈನಿನ ತುದಿ ಸಿಕ್ಕಿಸುವ ಶಾಕಲ್ಲೋ ಪಿನ್ನೋ ಡ್ರಾಬಾರೋ ಆಗುತ್ತೆ. ಅವು ಹಾರಿಬಂದರೆ ಕೊಂಡಿಗಿಂತ ಕೆಟ್ಟದ್ದು.

ಐದು ಮೀಟರ್ ತಂದೆವು. ಒಂದು ತುದಿಗೆ ಕೊಂಡಿಯೊಂದನ್ನು ಕಚ್ಚಿ ನಿಲ್ಲುವ ಗ್ರ್ಯಾಬ್ ಹುಕ್, ಇದರಿಂದ ಗಂಟಿಲ್ಲದೆ ಉದ್ದ ಕಡಿಮೆ ಮಾಡಬಹುದು. ಇನ್ನೊಂದು ತುದಿಗೆ ಎರಡು ಟನ್ ಅಂತ ಅಚ್ಚಿದ್ದ ಬೋ ಶಾಕಲ್. ಮೈಮೇಲೆ ಅಂಕಿ ಇಲ್ಲದ ಶಾಕಲ್ ಅರ್ಧ ರೇಟಿಗೆ ಪಕ್ಕದಲ್ಲೇ ಇತ್ತು, ಬಿಟ್ಟೆವು. ಅಂಗಡಿಯವರು ಒಂದು ಮಾತು ಚೆನ್ನಾಗಿ ಹೇಳಿದರು: ಇದಕ್ಕೆ ಯಾವತ್ತೂ ವೆಲ್ಡಿಂಗ್ ಮುಟ್ಟಿಸಬೇಡಿ. ಗ್ರೇಡ್ 80 ಕಾಯಿಸಿ ತಣಿಸಿ ಹದ ಮಾಡಿದ ಉಕ್ಕು. ಊರಿನ ವೆಲ್ಡರ್ ಒಂದು ಕೊಂಡಿ ಅಂಟಿಸಿದರೆ ಆ ಹದ ಹೋಗಿ ಅದು ಮತ್ತೆ ಹೆಸರಿಗೆ ಮಾತ್ರ ಗ್ರೇಡ್ 80. ಕೊಂಡಿ ಉದ್ದವಾಗಿದೆ ಅನ್ನಿಸಿದರೆ, ಅಥವಾ ಸವೆದು ದಪ್ಪ ಹತ್ತನೇ ಒಂದು ಭಾಗ ಇಳಿದಿದ್ದರೆ ಪಕ್ಕಕ್ಕಿಡಬೇಕು.

ನೈಲಾನ್ ಹಗ್ಗ ಯಾಕೆ ಬೇಡ ಅಂತ ಭಾವ ಕೇಳಿದರು. ಹೂತ ಕಾರು ಎಳೆಯಲು ಅದು ಒಳ್ಳೆಯದು, ಹಿಗ್ಗಿ ಜಗ್ಗನ್ನು ನುಂಗುತ್ತೆ. ಆದರೆ ನುಂಗಿದ್ದನ್ನೆಲ್ಲ ಹರಿದಾಗ ಒಮ್ಮೆಗೇ ವಾಪಸ್ ಕೊಡುತ್ತೆ. ಕಲ್ಲಿಗೆ, ತೊಗಟೆಗೆ ಉಜ್ಜಿದರೆ ಬೇಗ ಹಾಳೂ ಆಗುತ್ತೆ.

ಅಳೆದು ನೋಡಿದ್ದು

ಅಂದಾಜು ಅಂದಾಜೇ. ಪೀಣ್ಯದ ಹಳೇ ಸ್ನೇಹಿತರ ಶೆಡ್ಡಿನಿಂದ ಎರಡು ಟನ್ನಿನ ನೇತಾಡುವ ಡಿಜಿಟಲ್ ತಕ್ಕಡಿ ತಂದೆ. ಕ್ರೇನಿಗೆ ಹಾಕುತ್ತಾರಲ್ಲ, ಅದು. ಅದನ್ನು ಚೈನಿನ ಮಧ್ಯೆ ಸೇರಿಸಿ, ಬೇರು ಬಿಟ್ಟ ದೊಡ್ಡ ಬುಡವೊಂದಕ್ಕೆ ಕಟ್ಟಿ, ಲೋ ಫಸ್ಟ್ ಗೇರಿನಲ್ಲಿ ಟೈರು ಜಾರುವವರೆಗೆ ಎಳೆಸಿದೆವು. ಚೈನಿನ ಮೇಲೆ ಒದ್ದೆ ಗೋಣಿಚೀಲ. ನಾವೆಲ್ಲ ಚೈನಿನ ಒಂದೂವರೆ ಪಟ್ಟು ದೂರದಲ್ಲಿ, ಪಕ್ಕಕ್ಕೆ. ಅಂಕಿ ಓದಲು ಯಾರೂ ಹತ್ತಿರ ಹೋಗಬಾರದು ಅಂತ ಫೋನನ್ನು ಕೋಲಿಗೆ ಕಟ್ಟಿ ವಿಡಿಯೊ ಮಾಡಿದೆವು. ಒಣ ನೆಲದಲ್ಲಿ 590 ತೋರಿಸಿತು. ನನ್ನ ಲೆಕ್ಕ 565 ಇತ್ತು. ದಿಮ್ಮಿಗೆ ಕಟ್ಟಿ ಹೊಸ ದಾರಿಯಲ್ಲಿ ಎಳೆದಾಗ ಹೊರಡುವ ಕ್ಷಣದಲ್ಲಿ 400, ಹೊರಟ ಮೇಲೆ 310ರ ಆಸುಪಾಸು. ನಿಂತದ್ದನ್ನು ಅಲುಗಿಸಲು ಯಾವಾಗಲೂ ಜಾಸ್ತಿ ಬೇಕು, ಅದನ್ನು ನಾನು ಕಾಗದದಲ್ಲಿ ಬಿಟ್ಟಿದ್ದೆ.

ಅರ್ಧ ದಿಮ್ಮಿ ಸಾಗಿಸುವಷ್ಟರಲ್ಲಿ ಏಪ್ರಿಲ್ ಬಂತು, ಒಂದು ಸಂಜೆ ಜೋರು ಮಳೆ. ಮಾರನೇ ಬೆಳಿಗ್ಗೆ ಅದೇ ಬುಡಕ್ಕೆ ಕಟ್ಟಿ ನೋಡಿದರೆ 350. ಹೊರಡಲು ಬೇಕಾದ 400ಕ್ಕೂ ಕಡಿಮೆ. ಏರಿಗೆ ಇನ್ನೂ ಏನೂ ಕಳೆದಿರಲಿಲ್ಲ. ಅವತ್ತು ಕೆಲಸ ನಿಲ್ಲಿಸಿ ಮೂರು ದಿನ ಒಣಗಲು ಬಿಟ್ಟೆವು. ಭಾವನಿಗೆ ಕೂಲಿ ಲೆಕ್ಕದ ಸಂಕಟ. ಆದರೂ "ಒಂದು ಜಗ್ಗು ಕೊಡೋಣ್ವಾ" ಅಂತ ಯಾರೂ ಅನ್ನಲಿಲ್ಲ.

ಬುಡಗಳನ್ನು ಕೀಳಲು ಈ ಗಾಡಿ ಮುಟ್ಟಿಸಲೇ ಇಲ್ಲ. ದಿಮ್ಮಿಗೆ ತೂಕ ಇದೆ, ಲೆಕ್ಕ ಹಾಕಬಹುದು. ನೆಲದೊಳಗಿನ ಬೇರಿಗೆ ಲೆಕ್ಕ ಇಲ್ಲ. ಜೆಸಿಬಿ ಗಂಟೆ ಲೆಕ್ಕದಲ್ಲಿ ಬಂದು ಕಿತ್ತಿತು.

ಒಂದೇ ಒಂದು ದಿಮ್ಮಿ ತಕರಾರು ಮಾಡಿತು. ಸುತ್ತಳತೆ 1.7 ಮೀಟರ್. ಲೆಕ್ಕ ಹಾಕಿದರೆ 1,085 ಕೆ.ಜಿ., ಟ್ರ್ಯಾಕ್ಟರಿನಷ್ಟೇ ತೂಕ. ತಗಡಿನ ದೋಣಿ ಇಟ್ಟರೂ ಏರಿನಲ್ಲಿ 560 ಬೇಕು, ಇರುವುದು 490. ಪಕ್ಕದ ಜಮೀನಿನ ಟ್ರ್ಯಾಕ್ಟರನ್ನೂ ಜೊತೆಗೆ ಕಟ್ಟೋಣ ಅಂದರು ಭಾವ. ಎರಡು ಗಾಡಿ ಒಂದೇ ಹೊತ್ತಿಗೆ ಒಂದೇ ಸಮ ಎಳೆಯಲ್ಲ. ಒಂದು ಸಡಿಲ ಬಿಟ್ಟಾಗ ಇನ್ನೊಂದು ಜಗ್ಗುತ್ತೆ, ಮತ್ತೆ ಅದೇ ಕಥೆ. ರಾಟೆ ಹಾಕಿ ಎಳೆತ ದುಪ್ಪಟ್ಟು ಮಾಡಬಹುದಿತ್ತು, ಆದರೆ ಹಾಗೆ ಮಾಡಿದರೆ ಮೇಲೆ ಆ ಎಳೆತ ತಡೆಯುವ ಗಟ್ಟಿ ಮರ ಬೇಕು. ಅಲ್ಲಿದ್ದದ್ದು ಒಂದು ನುಗ್ಗೆ ಮರ.

ಕೊನೆಗೆ ಗರಗಸದವರನ್ನು ಕರೆಸಿ ಮೂರು ತುಂಡು ಮಾಡಿಸಿದೆವು. ಒಂದೊಂದನ್ನೇ ಡ್ರೈವರ್ ಅಣ್ಣ ಬೀಡಿ ಹಚ್ಚಿಕೊಂಡು ನಿಧಾನಕ್ಕೆ ಮೇಲೆ ತಂದಿಟ್ಟರು. ಉದ್ದ ಕಡಿಮೆಯಾಯಿತು ಅಂತ ವ್ಯಾಪಾರಿ ಆ ದಿಮ್ಮಿಗೆ ರೇಟು ಇಳಿಸಿದರು. ಭಾವ ಈಗಲೂ ಸಿಕ್ಕಾಗಲೆಲ್ಲ ಆ ದುಡ್ಡನ್ನು ನನ್ನ ಲೆಕ್ಕಕ್ಕೆ ಬರೆಯುತ್ತಾರೆ.